ವಿಶ್ವಾಸ ತೊರೆದ ಮನೆಮಂದಿಗಾಗಿ ಒಟ್ಟುಗೂಡಿ ಪ್ರಾರ್ಥನೆ: ಚಿಕ್ಕಬಳ್ಳಾಪುರ ಸೀಮೆಯ ಕುಟುಂಬಗಳ ಹಿನ್ನೆಲೆಯಲ್ಲಿ

ನಮ್ಮ ಅನೇಕ ಕಥೋಲಿಕ ಮನೆಗಳಲ್ಲಿ ಸಂಜೆಯ ಜಪಮಾಲೆಯ ಹೊತ್ತಿಗೆ ಯಾರೂ ಬಾಯಿಬಿಟ್ಟು ಹೇಳದ ಒಂದು ಹೆಸರಿರುತ್ತದೆ. ಮದುವೆಯಾಗಿ ಬೇರೆ ಧರ್ಮಕ್ಕೆ ಹೋದ ಮಗಳು, ಬೇರೊಂದು ಸಭೆ ಸೇರಿ ಮತ್ತೊಮ್ಮೆ ಸ್ನಾನ ಪಡೆದ ತಮ್ಮ, ದೇವರೇ ಬೇಡವೆಂದು ದೂರ ಸರಿದ ಮಗ - ಹೀಗೆ. ಇಂಥವರಿಗಾಗಿ ಎಲ್ಲರೂ ಕೂಡಿ ಪ್ರಾರ್ಥಿಸಬಹುದೆ? ಬಲಿಪೂಜೆ ಹೇಳಿಸಬಹುದೆ? ಅವರು ತೀರಿಕೊಂಡರೆ ಏನು ಮಾಡಬೇಕು? ಮರಳಿ ಬರುತ್ತೇವೆಂದರೆ ದಾರಿ ಯಾವುದು? ಭಕ್ತಾದಿಗಳೂ ಉಪದೇಶಿಗಳೂ ಕೇಳುವ ಈ ಪ್ರಶ್ನೆಗಳಿಗೆ ಧರ್ಮಸಭೆ ನೀಡುವ ಉತ್ತರಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇವೆ. ಹಿನ್ನೆಲೆಯಾಗಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟವನ್ನು ಆರಿಸಿಕೊಂಡಿದ್ದೇವೆ. ಕ್ರೈಸ್ತರು ಬಹಳ ಕಡಿಮೆ ಇರುವ ಆ ಸೀಮೆಯಲ್ಲಿ ಈ ಪ್ರಶ್ನೆಗಳು ಕರಾವಳಿಗಿಂತ ಹೆಚ್ಚು ತೀಕ್ಷ್ಣವಾಗಿ ಎದುರಾಗುತ್ತವೆ.

ಸೀಮೆಯ ಪರಿಚಯ

ಚಿಕ್ಕಬಳ್ಳಾಪುರ ಜಿಲ್ಲೆ 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಮೇಲೆ ಹೇಳಿದ ನಾಲ್ಕೂ ಊರುಗಳು ಈ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ದ್ರಾಕ್ಷಿ ಮತ್ತು ಹೂವಿಗೆ ಚಿಕ್ಕಬಳ್ಳಾಪುರ, ರೇಷ್ಮೆಗೂಡಿನ ಮಾರುಕಟ್ಟೆಗೆ ಶಿಡ್ಲಘಟ್ಟ, ಟೊಮೆಟೊ ವ್ಯಾಪಾರಕ್ಕೆ ಚಿಂತಾಮಣಿ, 1938ರ ವಿದುರಾಶ್ವತ್ಥ ಗೋಲಿಬಾರಿನ ನೆನಪಿಗೆ ಗೌರಿಬಿದನೂರು ಹೆಸರಾಗಿವೆ. ಆಂಧ್ರದ ಗಡಿಗೆ ಹೊಂದಿಕೊಂಡಿರುವುದರಿಂದ ಅನೇಕರ ಮನೆಮಾತು ತೆಲುಗು.

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 12,55,104. ಇವರಲ್ಲಿ ಎಲ್ಲ ಸಭೆಗಳ ಕ್ರೈಸ್ತರನ್ನು ಸೇರಿಸಿದರೂ ಶೇಕಡಾ 1ಕ್ಕಿಂತ ಕಡಿಮೆ. ನಮ್ಮ ಕರಾವಳಿಯಲ್ಲಿ ಒಂದೊಂದು ವಾಳೆಯಲ್ಲೂ ಕಥೋಲಿಕ ಮನೆಗಳು ಸಾಲಾಗಿರುತ್ತವೆ, ಒಬ್ಬ ಹುಡುಗ ದೇವಾಲಯಕ್ಕೆ ಬರದಿದ್ದರೆ ಗುರಿಕಾರರು ಅದೇ ವಾರ ವಿಚಾರಿಸುತ್ತಾರೆ. ಅಲ್ಲಿನ ಹಳ್ಳಿಯೊಂದರಲ್ಲಿ ಕಥೋಲಿಕರ ಮನೆ ಒಂದೇ ಇರಬಹುದು. ಆ ಮನೆಯ ಮಕ್ಕಳಿಗೆ ಶಾಲೆ, ಗೆಳೆತನ, ಕೆಲಸ, ಹೆಣ್ಣು-ಗಂಡಿನ ಸಂಬಂಧ ಎಲ್ಲವೂ ಹೊರಗಿನವರೊಡನೆಯೇ. ಒಬ್ಬ ಮಗ ವಿಶ್ವಾಸ ಬಿಟ್ಟರೆ ಆ ಊರಿನ ಧರ್ಮಸಭೆಯ ಕಾಲುಭಾಗವೇ ಹೋದಂತೆ.

ಈ ನಾಲ್ಕೂ ಊರುಗಳು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿವೆ. 2018ರಿಂದ ಅದರ ಮಹಾಧರ್ಮಾಧ್ಯಕ್ಷರಾಗಿರುವ ಡಾ. ಪೀಟರ್ ಮಚಾದೊ ಅವರು ನಮ್ಮ ಕರಾವಳಿಯ ಹೊನ್ನಾವರದವರು.

ಹಳೆಯ ವಿಶ್ವಾಸ, ಹಳೆಯ ಗಾಯ

ಆ ಸೀಮೆಗೆ ಶುಭಸಂದೇಶ ಹೊಸದೇನಲ್ಲ. 18ನೇ ಶತಮಾನದ ಆರಂಭದಲ್ಲೇ ಫ್ರೆಂಚ್ ಯೇಸುಸಭೆಯ ಕರ್ನಾಟಿಕ್ ಮಿಷನ್ ಅಲ್ಲಿಗೆ ತಲುಪಿತ್ತು. ಫಾದರ್ ಲೆ ಗಾಕ್ ಅವರು 1709ರ ಜನವರಿಯಲ್ಲಿ ಬರೆದ ಪತ್ರದ ಮೇಲೆ ಇರುವ ಊರಿನ ಹೆಸರು ಚಿನ್ನಬಳ್ಳಾಪುರ, ಎಂದರೆ ಇಂದಿನ ಚಿಕ್ಕಬಳ್ಳಾಪುರ. 1773ರಲ್ಲಿ ಯೇಸುಸಭೆ ರದ್ದಾದ ಮೇಲೆ ಪ್ಯಾರಿಸ್ ಮಿಷನ್ ಸಭೆಯ ಗುರುಗಳು ಕರ್ನಾಟಿಕ್ ಮಿಷನ್ನಿನ ಹೊಣೆ ಹೊತ್ತರು.

ವಿಶ್ವಾಸ ಬಿಟ್ಟವರನ್ನು ಮರಳಿ ಬರಮಾಡಿಕೊಂಡ ಇತಿಹಾಸವೂ ನಮ್ಮ ನಾಡಿನಲ್ಲೇ ಇದೆ. 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಕರಾವಳಿಯ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದನ್ನು ನಮ್ಮ ಹಿರಿಯರು ಮರೆತಿಲ್ಲ. ಒತ್ತಾಯಕ್ಕೆ ಸಿಕ್ಕಿ ಧರ್ಮ ಬದಲಿಸಿದವರು ಆಗ ಇದ್ದರು. 1799ರಲ್ಲಿ ಸೆರೆ ಮುಗಿದ ಮೇಲೆ ಪ್ಯಾರಿಸ್ ಮಿಷನ್ ಸಭೆಯ ಫಾದರ್ ದುಬುವಾ ಅವರು ಶ್ರೀರಂಗಪಟ್ಟಣಕ್ಕೆ ಬಂದು ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿ, ವಿಶ್ವಾಸ ಬಿಟ್ಟಿದ್ದವರನ್ನು ಧರ್ಮಸಭೆಯೊಡನೆ ಸಂಧಾನಗೊಳಿಸಿದರು. 1823ರಲ್ಲಿ ಸ್ವದೇಶಕ್ಕೆ ಮರಳುವವರೆಗೂ ಅವರು ಈ ನಾಡಿನಲ್ಲೇ ದುಡಿದರು. ಮರಳಿ ಬಂದವರನ್ನು ಅಂದು ಹೊರಗೆ ನಿಲ್ಲಿಸಿದ್ದರೆ ಎಷ್ಟೋ ಕುಟುಂಬಗಳ ವಿಶ್ವಾಸ ಅಲ್ಲಿಗೇ ಕೊನೆಯಾಗುತ್ತಿತ್ತು.

ಬಿಟ್ಟವರೆಲ್ಲರೂ ಒಂದೇ ಬಗೆಯವರಲ್ಲ

ಪ್ರಾರ್ಥಿಸುವ ಮೊದಲು ಯಾರಿಗಾಗಿ ಪ್ರಾರ್ಥಿಸುತ್ತಿದ್ದೇವೆ ಎಂಬ ತಿಳುವಳಿಕೆ ಬೇಕು.

1. ಬೇರೆ ಕ್ರೈಸ್ತ ಸಭೆ ಸೇರಿದವರು. ಇವರು ಕ್ರಿಸ್ತರನ್ನು ಬಿಟ್ಟವರಲ್ಲ. ಅಲ್ಲಿ ಮತ್ತೊಮ್ಮೆ ಸ್ನಾನ ಪಡೆದಿದ್ದರೂ ಅವರ ಮೊದಲ ದೀಕ್ಷಾಸ್ನಾನವೇ ನಿಜವಾದದ್ದು.

2. ಮದುವೆಯ ಕಾರಣ ಅನ್ಯಧರ್ಮಕ್ಕೆ ಹೋದವರು. ಇವರಲ್ಲಿ ಅನೇಕರು ಮನಸ್ಸಿನಿಂದ ಬಿಟ್ಟಿರುವುದಿಲ್ಲ. ಗಂಡನ ಮನೆಯ ಶಾಂತಿಗಾಗಿ ಮೌನವಾಗಿರುತ್ತಾರೆ.

3. ಕಾಗದಪತ್ರದಲ್ಲಿ ಮಾತ್ರ ಬೇರೆಯಾದವರು. 1950ರ ಪರಿಶಿಷ್ಟ ಜಾತಿಗಳ ಆದೇಶವು ಈ ಮಾನ್ಯತೆಯನ್ನು ಹಿಂದೂಗಳಿಗೆ ಮಾತ್ರ ನೀಡಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ದಲಿತ ಕ್ರೈಸ್ತರು ಹೊರಗೇ ಉಳಿದರು. ಮಕ್ಕಳ ಓದು, ನೌಕರಿಗಾಗಿ ಕ್ರೈಸ್ತ ಹೆಸರನ್ನು ಮರೆಮಾಚಬೇಕಾದ ಸಂಕಟ ಇದರಿಂದ ಹುಟ್ಟಿತು. ಈ ವಿಷಯವನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. ಈ ಕುಟುಂಬಗಳನ್ನು 'ಧರ್ಮಭ್ರಷ್ಟರು' ಎಂದು ಕರೆಯುವ ಮುನ್ನ ಅವರ ಬಡತನವನ್ನೂ ನೋಡಬೇಕು.

4. ನೊಂದು ಹೋದವರು. ಜಾತಿಯ ಅವಮಾನ, ಧರ್ಮಗುರುವಿನ ಕಟುಮಾತು, ಕಷ್ಟಕಾಲದಲ್ಲಿ ಯಾರೂ ಮನೆಗೆ ಬರದಿದ್ದದ್ದು - ಇಂಥ ಕಾರಣಗಳಿಂದ ದೂರವಾದವರು. ಇವರಿಗಾಗಿ ಪ್ರಾರ್ಥಿಸುವ ಸಮುದಾಯ ಮೊದಲು ತನ್ನ ಆತ್ಮಶೋಧನೆ ಮಾಡಿಕೊಳ್ಳಬೇಕು.

5. ತಿಳಿದು, ಯೋಚಿಸಿ ವಿಶ್ವಾಸವನ್ನು ನಿರಾಕರಿಸಿದವರು. ಇವರ ಮನಸ್ಸಾಕ್ಷಿಯನ್ನು ಗೌರವಿಸಿಯೇ ಪ್ರಾರ್ಥಿಸಬೇಕು.

ಧರ್ಮಸಭೆಯ ಬೋಧನೆ

ದೀಕ್ಷಾಸ್ನಾನದ ಮುದ್ರೆ ಅಳಿಸಲಾಗದು ಎಂದು ಕಥೋಲಿಕ ಧರ್ಮೋಪದೇಶ ಗ್ರಂಥದ 1272ನೇ ಪರಿಚ್ಛೇದ ಬೋಧಿಸುತ್ತದೆ. ಹೋದವರ ಹೆಸರು ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿರುವಂತೆ ಅವರ ಆತ್ಮದಲ್ಲೂ ಆ ಗುರುತು ಉಳಿದಿದೆ. ಆದುದರಿಂದ ನಾವು ಪರರಿಗಾಗಿ ಪ್ರಾರ್ಥಿಸುತ್ತಿಲ್ಲ, ನಮ್ಮವರಿಗಾಗಿ ಪ್ರಾರ್ಥಿಸುತ್ತಿದ್ದೇವೆ.

ಧರ್ಮಸಭೆಯ ಕಾನೂನು ಸಂಹಿತೆಯ 901ನೇ ಕಲಮಿನಂತೆ ಗುರುವು ಜೀವಂತರಿರಲಿ, ಮೃತರಿರಲಿ, ಯಾರಿಗಾಗಿಯೂ ಬಲಿಪೂಜೆಯನ್ನು ಅರ್ಪಿಸಬಹುದು. ವಿಶ್ವಾಸ ಬಿಟ್ಟ ಮಗನಿಗಾಗಿ ಪೂಜೆ ಹೇಳಿಸಲು ತಾಯಿ ಸಂಕೋಚಪಡಬೇಕಾಗಿಲ್ಲ.

ಅದೇ ಸಂಹಿತೆಯ 748ನೇ ಕಲಮು, ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಕಥೋಲಿಕ ವಿಶ್ವಾಸಕ್ಕೆ ಬಲವಂತ ಮಾಡುವಂತಿಲ್ಲ ಎನ್ನುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆಯೂ 1965ರ ಡಿಸೆಂಬರ್ 7ರ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ಇದನ್ನೇ ಬೋಧಿಸಿತು. ಪ್ರಾರ್ಥನೆ ದೇವರ ಮುಂದೆ ಇಡುವ ಕೋರಿಕೆ. ಅದನ್ನು ಮನೆಯವರ ಮೇಲೆ ಒತ್ತಡ ಹೇರುವ ಸಾಧನವಾಗಿ ಬಳಸಬಾರದು.

ಒಟ್ಟಾಗಿ ಪ್ರಾರ್ಥಿಸುವ ಕ್ರಮ

ಇಬ್ಬರು ಮೂವರು ತಮ್ಮ ಹೆಸರಿನಲ್ಲಿ ಕೂಡಿದಲ್ಲಿ ತಾವಿರುವುದಾಗಿ ಪ್ರಭು ಯೇಸು ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಭರವಸೆ ನೀಡಿದ್ದಾರೆ. ಚದುರಿದ ಕುಟುಂಬಗಳಿಗೆ ಇದು ದೊಡ್ಡ ಆಸರೆ. ಮನೆಯಲ್ಲಿ ಅಜ್ಜಿ ಮತ್ತು ಮೊಮ್ಮಗಳು ಇಬ್ಬರೇ ಇದ್ದರೂ ಸಾಕು.

ಮನೆಯಲ್ಲಿ: ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಿ. ಜಪಮಾಲೆಯ ಒಂದು ದಶಕವನ್ನು ಆ ವ್ಯಕ್ತಿಗಾಗಿ ಅರ್ಪಿಸಿ. ಮನೆಯೊಳಗೆ ಹೆಸರು ಹೇಳುವುದರಲ್ಲಿ ತಪ್ಪಿಲ್ಲ, ಹೇಳುವುದೇ ಒಳ್ಳೆಯದು. ಮೊದಲು ಅವರು ಮಾಡಿದ ಒಳಿತಿಗಾಗಿ ಕೃತಜ್ಞತೆ ಸಲ್ಲಿಸಿ, ಆಮೇಲೆ ಕೋರಿಕೆ ಇಡಿ.

ಮನೆಗಳ ನಡುವೆ: ನಾಲ್ಕೈದು ಕುಟುಂಬಗಳು ತಿಂಗಳಿಗೊಮ್ಮೆ ಒಂದೊಂದು ಮನೆಯಲ್ಲಿ ಸೇರಬಹುದು. ದೂರದ ಹಳ್ಳಿಯವರು ಅದೇ ಹೊತ್ತಿಗೆ ತಮ್ಮ ಮನೆಯಲ್ಲೇ ಪ್ರಾರ್ಥಿಸಿದರೂ ಸರಿಯೇ. ಲೂಕನ ಶುಭಸಂದೇಶದ 15ನೇ ಅಧ್ಯಾಯವನ್ನು ಮೂರು ತಿಂಗಳಿಗೆ ಹಂಚಿ ಓದಬಹುದು: ಕಳೆದುಹೋದ ಕುರಿ, ಕಳೆದುಹೋದ ನಾಣ್ಯ, ಕಳೆದುಹೋದ ಮಗ. ಭಾಷೆ ಕನ್ನಡವಿರಲಿ, ತೆಲುಗು ಅಥವಾ ತಮಿಳು ಇರಲಿ, ಮನೆಯವರ ಬಾಯಿಗೆ ಸಹಜವಾದದ್ದನ್ನೇ ಬಳಸಿ.

ದೇವಾಲಯದಲ್ಲಿ: ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಹೆಸರು ಹೇಳದೆ, 'ನಮ್ಮೊಡನೆ ಇಲ್ಲದ ನಮ್ಮ ಪ್ರಿಯರಿಗಾಗಿ' ಎಂದು ಸೇರಿಸಿದರೆ ಸಾಕು. ಜನವರಿ 18ರಿಂದ 25ರವರೆಗಿನ ಕ್ರೈಸ್ತೈಕ್ಯ ಪ್ರಾರ್ಥನಾ ಸಪ್ತಾಹ, ತಪಸ್ಸುಕಾಲ, ಆಗಸ್ಟ್ 27ರ ಸಂತ ಮೋನಿಕಾರ ಹಬ್ಬ ಇದಕ್ಕೆ ತಕ್ಕ ಸಮಯಗಳು.

ಎಚ್ಚರ ವಹಿಸಬೇಕಾದ ವಿಷಯಗಳು

- ಹೆಸರು, ಭಾವಚಿತ್ರ, ಮನೆಯ ಕಥೆಯನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ಹರಡಿದ ಮಾತು ಹಿಂದಕ್ಕೆ ಬಾರದು.
- ಹೋದವರ ಮುಂದೆ ಕುಳಿತು ಅವರಿಗೆ ಕೇಳಿಸುವಂತೆ ಚುಚ್ಚಿ ಪ್ರಾರ್ಥಿಸಬೇಡಿ.
- ಅವರ ಗಂಡ, ಹೆಂಡತಿ, ಅವರ ದೇವರು ಅಥವಾ ಅವರ ಸಭೆಯನ್ನು ಹೀಯಾಳಿಸಬೇಡಿ.
- ಹಬ್ಬಕ್ಕೆ, ಮದುವೆಗೆ, ಮಗುವಿನ ನಾಮಕರಣಕ್ಕೆ ಕರೆಯುವುದನ್ನು ನಿಲ್ಲಿಸಬೇಡಿ. ಆದರೆ ಪರಮಪ್ರಸಾದ ಸ್ವೀಕಾರ, ದೀಕ್ಷಾಸ್ನಾನದ ಜ್ಞಾನತಂದೆ-ಜ್ಞಾನತಾಯಿಯ ಸ್ಥಾನ, ಇವುಗಳ ವಿಷಯದಲ್ಲಿ ಮುಂಚಿತವಾಗಿ ಧರ್ಮಗುರುವನ್ನು ವಿಚಾರಿಸಿ. ಅಂದಿನ ದಿನ ಎಲ್ಲರೆದುರು ಮುಜುಗರವಾಗುವುದು ತಪ್ಪುತ್ತದೆ.

ಕಾಲದ ಸ್ಥಿತಿಯನ್ನೂ ಗಮನಿಸಬೇಕು. 2021ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಸೂಸೆಪಾಳ್ಯದಲ್ಲಿ ಸುಮಾರು 160 ವರ್ಷ ಹಳೆಯ ಸಂತ ಜೋಸೆಫರ ದೇವಾಲಯದ ಸಂತ ಅಂತೋಣಿಯವರ ಪ್ರತಿಮೆಗೆ ಹಾನಿ ಮಾಡಲಾಯಿತು. ರಾಜ್ಯದ ಮತಾಂತರ ತಡೆ ಕಾಯಿದೆ 2022ರಲ್ಲಿ ಜಾರಿಗೆ ಬಂದಿತು. ಅದನ್ನು ಹಿಂತೆಗೆದುಕೊಳ್ಳಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಇಂಥ ದಿನಗಳಲ್ಲಿ ಒಂಟಿ ಮನೆಯವರು ಪ್ರಾರ್ಥನೆಗೆ ಸೇರಲು ಅಂಜುವುದು ಸಹಜ. ನೆರೆಯವರೊಡನೆ ಮುಚ್ಚುಮರೆಯಿಲ್ಲದ ಒಡನಾಟವಿದ್ದರೆ ಅನುಮಾನ ಕಡಿಮೆಯಾಗುತ್ತದೆ. ಹಣ, ಉಡುಗೊರೆ, ಸಂಬಂಧದ ಆಸೆ ತೋರಿಸಿ ಯಾರನ್ನೂ ಕರೆತರುವ ಪ್ರಯತ್ನ ಕಾನೂನಿಗಷ್ಟೇ ಅಲ್ಲ, ಶುಭಸಂದೇಶಕ್ಕೂ ವಿರುದ್ಧ.

ಮರಳಿ ಬರುವವರಿಗೆ

ಮೊದಲ ಹೆಜ್ಜೆ ಧರ್ಮಕೇಂದ್ರದ ಗುರುಗಳನ್ನು ಖಾಸಗಿಯಾಗಿ ಕಾಣುವುದು. ಮತ್ತೆ ದೀಕ್ಷಾಸ್ನಾನ ಕೊಡುವುದಿಲ್ಲ. ಪಾಪನಿವೇದನೆಯ ಸಂಸ್ಕಾರವೇ ಬಾಗಿಲು. ವಿಶ್ವಾಸತ್ಯಾಗಕ್ಕೆ 1364ನೇ ಕಲಮು ಬಹಿಷ್ಕಾರದ ದಂಡನೆಯನ್ನು ಹೇಳುತ್ತದಾದರೂ 16 ವರ್ಷ ತುಂಬದವರಿಗೆ ದಂಡನೆ ತಗಲದು. ಭಯ, ಬಲವಂತದ ಸಂದರ್ಭಗಳಿಗೂ ಕಾನೂನಿನಲ್ಲಿ ವಿನಾಯಿತಿಗಳಿವೆ. ಅಗತ್ಯ ಬಿದ್ದರೆ ಧರ್ಮಾಧ್ಯಕ್ಷರ ಅನುಮತಿಯನ್ನು ಗುರುಗಳೇ ಪಡೆಯುತ್ತಾರೆ. ಬಂದವರನ್ನು ಕಚೇರಿಯಿಂದ ಕಚೇರಿಗೆ ಅಲೆಸಬಾರದು.

ಮದುವೆಯ ವಿಷಯ ಸ್ವಲ್ಪ ಸೂಕ್ಷ್ಮ. ಔಪಚಾರಿಕವಾಗಿ ಧರ್ಮಸಭೆ ಬಿಟ್ಟವರಿಗೆ 1983ರ ಸಂಹಿತೆಯಲ್ಲಿದ್ದ ವಿನಾಯಿತಿಯನ್ನು ಹದಿನಾರನೇ ಬೆನೆಡಿಕ್ಟ್ ಜಗದ್ಗುರುಗಳು 2009ರ ಅಕ್ಟೋಬರ್ 26ರ ಆದೇಶದಿಂದ ತೆಗೆದುಹಾಕಿದರು. ಆದುದರಿಂದ ಮದುವೆ ಯಾವ ವರ್ಷ, ಎಲ್ಲಿ, ಯಾರ ಮುಂದೆ ನಡೆಯಿತು ಎಂಬುದನ್ನು ಬರೆದುಕೊಂಡು ಧರ್ಮಪ್ರಾಂತ್ಯದ ನ್ಯಾಯಮಂಡಳಿಗೆ ಕಳುಹಿಸಬೇಕು. ಉಪದೇಶಿಗಳು ತಾವೇ ತೀರ್ಪು ಹೇಳಬಾರದು.

ಮರಳದೆ ತೀರಿಕೊಂಡರೆ

ಎಲ್ಲಕ್ಕಿಂತ ನೋವಿನ ಪ್ರಶ್ನೆ ಇದು. ಬಹಿರಂಗವಾಗಿ ವಿಶ್ವಾಸ ತ್ಯಜಿಸಿದವರಿಗೆ, ಸಾವಿಗೆ ಮುನ್ನ ಪಶ್ಚಾತ್ತಾಪದ ಚಿಹ್ನೆಯೇ ಇಲ್ಲದಿದ್ದರೆ, ಧರ್ಮಸಭೆಯ ಅಂತ್ಯವಿಧಿ ಇಲ್ಲವೆಂದು 1184ನೇ ಕಲಮು ಹೇಳುತ್ತದೆ. ಸಂದೇಹವಿದ್ದಲ್ಲಿ ಧರ್ಮಾಧ್ಯಕ್ಷರನ್ನು ಕೇಳಬೇಕೆಂದೂ ಅದೇ ಕಲಮು ವಿಧಿಸುತ್ತದೆ. ಕೊನೆಗಾಲದಲ್ಲಿ ಶಿಲುಬೆಯನ್ನು ಹಿಡಿದದ್ದು, ಗುರುಗಳನ್ನು ಕರೆಯಿರಿ ಎಂದದ್ದು, ಅಮ್ಮನ ಪ್ರಾರ್ಥನೆಗೆ ತುಟಿ ಅಲುಗಿಸಿದ್ದು - ಇಂಥದ್ದನ್ನು ಮನೆಯವರು ಗುರುಗಳಿಗೆ ತಪ್ಪದೆ ತಿಳಿಸಬೇಕು. ವಿಧಿ ಬೇರೆಯವರ ಪದ್ಧತಿಯಲ್ಲಿ ನಡೆದರೂ ಮನೆಯವರು ಹೋಗಿ ನಿಲ್ಲಬಹುದು, ಅಳಬಹುದು, ಮನಸ್ಸಿನಲ್ಲಿ ಪ್ರಾರ್ಥಿಸಬಹುದು. ಆತ್ಮವನ್ನು ದೇವರ ಕರುಣೆಗೆ ಒಪ್ಪಿಸುವುದನ್ನು ಯಾವ ಕಲಮೂ ತಡೆಯುವುದಿಲ್ಲ.

ಸಂತ ಮೋನಿಕಾ ತಮ್ಮ ಮಗ ಅಗಸ್ಟೀನರಿಗಾಗಿ ವರುಷಗಟ್ಟಲೆ ಅತ್ತು ಪ್ರಾರ್ಥಿಸಿದರು. 387ರ ಪಾಸ್ಕ ಹಬ್ಬದಂದು ಮಿಲಾನಿನಲ್ಲಿ ಸಂತ ಅಂಬ್ರೋಸರಿಂದ ಅಗಸ್ಟೀನರು ದೀಕ್ಷಾಸ್ನಾನ ಪಡೆದರು. ಅದೇ ವರ್ಷ ಮೋನಿಕಾ ಓಸ್ತಿಯಾದಲ್ಲಿ ಕಣ್ಣುಮುಚ್ಚಿದರು. ಎಲ್ಲ ತಾಯಂದಿರಿಗೂ ಹೀಗೆ ಫಲವನ್ನು ಕಣ್ಣಾರೆ ಕಾಣುವ ಭಾಗ್ಯ ಸಿಗುವುದಿಲ್ಲ. ಕಾಣದೆ ಹೋದ ತಾಯಂದಿರ ಪ್ರಾರ್ಥನೆ ವ್ಯರ್ಥವಾಯಿತೆಂದು ಧರ್ಮಸಭೆ ಎಂದೂ ಹೇಳಿಲ್ಲ.

ಕುಟುಂಬಗಳು ಬಳಸಬಹುದಾದ ಪ್ರಾರ್ಥನೆ

ಕರುಣಾಮಯ ತಂದೆಯೇ, ನಮ್ಮ ಮನೆಯಲ್ಲಿ ಹುಟ್ಟಿ ಬೆಳೆದ (ಹೆಸರು) ಅವರನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ. ಅವರನ್ನು ನೀವು ಹೆಸರು ಹಿಡಿದು ಕರೆದಿದ್ದೀರಿ. ನಮ್ಮ ಮಾತು, ನಮ್ಮ ನಡತೆ ಅವರನ್ನು ನೋಯಿಸಿದ್ದರೆ ನಮ್ಮನ್ನು ಕ್ಷಮಿಸಿರಿ. ಅವರಿಗೆ ಆರೋಗ್ಯವನ್ನೂ ನೆಮ್ಮದಿಯನ್ನೂ ಕೊಡಿರಿ. ನಿಮ್ಮ ಸಮಯದಲ್ಲಿ, ನಿಮ್ಮ ದಾರಿಯಲ್ಲಿ ಅವರನ್ನು ನಿಮ್ಮೆಡೆಗೆ ಸೆಳೆದುಕೊಳ್ಳಿರಿ. ಅಲ್ಲಿಯವರೆಗೆ ನಮ್ಮ ಬಾಗಿಲು ಮುಚ್ಚದಂತೆ ಕಾಪಾಡಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.