ನಮ್ಮ ಜಿಲ್ಲೆಯ ಗುಡಿಗಳು, ಅವನ್ನು ಕಟ್ಟಿಸಿದವರು

ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಾವಿನ್ನೂ ಧಾರವಾಡ ಜಿಲ್ಲೆಯವರಾಗಿದ್ದ ಕಾಲದಿಂದಲೂ ನಮ್ಮ ಶಾಲೆಯ ಒಂದು ದಿನದ ಪ್ರವಾಸವೆಂದರೆ ಲಕ್ಕುಂಡಿ, ಡಂಬಳ, ಗದಗ. ಬಸ್ಸಿನ ಖರ್ಚು ಕಡಿಮೆ. ರೊಟ್ಟಿ ಬುತ್ತಿ ಕಟ್ಟಿಕೊಂಡರೆ ಊಟದ ಚಿಂತೆಯೂ ಇಲ್ಲ. ಇತಿಹಾಸ ಕಲಿಸುವ ಮಾಸ್ತರನಾಗಿ ನಾನು ಈ ಊರುಗಳಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಟ್ಟಿಲ್ಲ. ಈ ಸಂಚಿಕೆ ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಆ ಬಸ್ಸಿನಲ್ಲಿ ಕುಳಿತವರೇ.

ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಸರ, ಈ ಗುಡಿ ಯಾವ ರಾಜಾ ಕಟ್ಟಸ್ಯಾನ್ರಿ?" ತಪ್ಪು ಮಕ್ಕಳದಲ್ಲ. ಪಠ್ಯಪುಸ್ತಕದ ತುಂಬ ರಾಜರೇ ಇರುತ್ತಾರೆ. ಆದರೆ ಲಕ್ಕುಂಡಿಯ ದೊಡ್ಡ ಬಸದಿಯ ಮುಂದೆ ನಿಂತು ನಾನು ಕೊಡಬೇಕಾದ ಉತ್ತರ ಬೇರೆ. ಅದನ್ನು ಕಟ್ಟಿಸಿದ್ದು ರಾಜನಲ್ಲ, ಅತ್ತಿಮಬ್ಬೆ ಎಂಬ ಹೆಣ್ಣುಮಗಳು. ವರ್ಷ 1007.

ಕಲ್ಯಾಣದ ಚಾಲುಕ್ಯರ ಸೇನಾನಿ ನಾಗದೇವನ ಹೆಂಡತಿ ಆಕೆ. ತಂಗಿ ಗುಂಡಮಬ್ಬೆಯೂ ಅದೇ ಮನೆಗೆ ಸೇರಿದವಳು. ನಾಗದೇವ ತೀರಿಕೊಂಡಾಗ ತಂಗಿ ಸಹಗಮನ ಮಾಡಿದಳು. ಅಕ್ಕ ಮಗನನ್ನು ಬೆಳೆಸುತ್ತ ಬದುಕಿ ಉಳಿದಳು. ಆಕೆ ಉಳಿದದ್ದರಿಂದ ಕನ್ನಡಕ್ಕೆ ಏನೆಲ್ಲ ಬಂತೆಂದು ನೋಡಿ. ರನ್ನ 993ರಲ್ಲಿ ಬರೆದ ಅಜಿತಪುರಾಣಕ್ಕೆ ಆಶ್ರಯ ಕೊಟ್ಟವಳು ಈಕೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದವಳೂ ಈಕೆ. ಅಚ್ಚಿನ ಯಂತ್ರವಿಲ್ಲದ ಕಾಲ. ಓಲೆಗರಿಯ ಮೇಲೆ ಒಂದೊಂದೇ ಅಕ್ಷರ ಕೊರೆಯಬೇಕು. ಒಬ್ಬ ಲಿಪಿಕಾರ ತಿಂಗಳಿಗೊಂದು ಪ್ರತಿ ಮುಗಿಸುತ್ತಾನೆ ಎಂದಿಟ್ಟುಕೊಂಡರೂ ಸಾವಿರ ಪ್ರತಿಗೆ 83 ವರ್ಷ ಬೇಕೆಂದು ಹುಡುಗರು ಬಸದಿಯ ಕಟ್ಟೆಯ ಮೇಲೆ ಕುಳಿತೇ ಲೆಕ್ಕ ಹಾಕಿದ್ದುಂಟು. ಹಾಗಾದರೆ ಎಷ್ಟು ಜನ ಬರೆಯುವವರನ್ನು ಕೂಡಿಸಿರಬೇಕು, ಅವರಿಗೆಲ್ಲ ಎಷ್ಟು ದಿನ ಅನ್ನ ಹಾಕಿರಬೇಕು! ಗುಡಿ ಕಟ್ಟಿಸುವುದಕ್ಕಿಂತ ಇದೇ ದೊಡ್ಡ ಕೆಲಸವೆಂದು ನನ್ನ ಅಭಿಪ್ರಾಯ.

ಕಲ್ಲಿನ ಮಾತನ್ನೂ ಹೇಳಬೇಕು. ಬಾದಾಮಿ, ಪಟ್ಟದಕಲ್ಲುಗಳಲ್ಲಿ ಮರಳುಗಲ್ಲು. ಲಕ್ಕುಂಡಿಯವರು ಬಳಪದ ಕಲ್ಲನ್ನು ಹಿಡಿದರು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುವ ಗುಣ ಅದರದು. ಕಾಶಿ ವಿಶ್ವನಾಥ ಗುಡಿಯ ಬಾಗಿಲವಾಡದ ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಇದರಿಂದ. ಅಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ ಇದೆ. ಮಕ್ಕಳಿಗೆ ಮಾತ್ರ ಮುಸುಕಿನ ಬಾವಿಯ ಮೆಟ್ಟಿಲೇ ಹೆಚ್ಚು ಇಷ್ಟ.

ಡಂಬಳದ ದೊಡ್ಡಬಸಪ್ಪನ ಗುಡಿ ನಕ್ಷತ್ರದಾಕಾರದ್ದು. ಗರ್ಭಗುಡಿಯ ಹೊರಗೋಡೆಯ ಮೂಲೆಗಳು ಅಡಿಯಿಂದ ಶಿಖರದವರೆಗೂ ಏರುತ್ತವೆ. ಅದರ ಚೆಲುವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಆ ಊರಿನ 1095ರ ಶಾಸನ. ಡಂಬಳದ ಹಳೆಯ ಹೆಸರು ಧರ್ಮವೊಳಲ್. ಅಲ್ಲಿ ಹದಿನಾರು ಜನ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವಿತ್ತೆಂದು ಆ ಶಾಸನ ಹೇಳುತ್ತದೆ; ತಾರಾ ದೇವಿಯನ್ನು ಸ್ತುತಿಸುತ್ತದೆ. ಬಸವಣ್ಣನವರಿಗಿಂತ ಸ್ವಲ್ಪವೇ ಹಿಂದೆ ನಮ್ಮ ಮಗ್ಗುಲ ಊರಿನಲ್ಲಿ ಬುದ್ಧನ ಪೂಜೆ ನಡೆಯುತ್ತಿತ್ತು, ಅದೂ ವ್ಯಾಪಾರಸ್ಥರ ದುಡ್ಡಿನಲ್ಲಿ. ಆ ಒಂದು ಕಲ್ಲು ಇಲ್ಲದಿದ್ದರೆ ಇಂದು ಇದನ್ನು ಯಾರು ನಂಬುತ್ತಿದ್ದರು?

ಗದಗಿನ ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿಯ ಮೂರ್ತಿ ಭಗ್ನವಾಗಿದೆ. ಆದರೂ ಪರೀಕ್ಷೆ ಹತ್ತಿರ ಬಂದಾಗ ಹೋದ ತಂಡದ ಹುಡುಗಿಯರು ಅಲ್ಲಿಂದ ಬೇಗ ಏಳುತ್ತಿರಲಿಲ್ಲ.

ಇಷ್ಟೆಲ್ಲ ನೋಡಿ ಬಂದ ಮೇಲೆ ಒಂದು ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ನಮ್ಮೂರ ಹಣಮಪ್ಪನ ಗುಡಿ ಹಿಂದೂ ಒಂದು ಕಲ್ಲು ಐತ್ರಿ ಸರ" ಎಂದಳು. ಹಿರಿಯರು ಭಕ್ತಿಯಿಂದಲೇ ಅದಕ್ಕೆ ವರ್ಷವರ್ಷ ಸುಣ್ಣ ಹಚ್ಚುತ್ತ ಬಂದಿದ್ದರು, ಆಮೇಲೆ ಎಣ್ಣೆ ಬಣ್ಣ. ಪೂಜಾರಪ್ಪನವರ ಒಪ್ಪಿಗೆ ಪಡೆದು ನೀರು, ಮೆತ್ತನೆಯ ಬ್ರಷ್ಷು ಹಿಡಿದು ಹೋದೆವು. ಸುಣ್ಣದ ಪದರು ನೆನೆದು ಬಿಟ್ಟ ಕಡೆ ಮೇಲ್ಭಾಗದ ಸೂರ್ಯ, ಚಂದ್ರ, ಕರುವಿಗೆ ಹಾಲುಣಿಸುವ ಆಕಳು ಕಂಡವು. ಸೂರ್ಯಚಂದ್ರರಿರುವ ತನಕ ಈ ದಾನ ನಡೆಯಲಿ ಎಂಬ ಗುರುತು. ಕೆಳಗೆ ಹಳಗನ್ನಡದ ಸಾಲುಗಳು. "ಸ್ವಸ್ತಿ" ಎಂಬುದನ್ನು ಮಕ್ಕಳೇ ಓದಿದರು. ನಡುವೆ "ಮತ್ತರು" ಎಂಬ ಮಾತು ಸಿಕ್ಕಿತು; ಅದು ಭೂಮಿಯ ಅಳತೆ. ಯಾರೋ ಹೊಲ ಬಿಟ್ಟಿದ್ದಾರೆ. ಕೊಟ್ಟವರ ಹೆಸರು ಇರಬೇಕಾದ ಜಾಗದಲ್ಲಿ ಎಣ್ಣೆ ಬಣ್ಣ ಗಟ್ಟಿಯಾಗಿ ಕೂತಿದೆ. ಕೆರೆದರೆ ಅಕ್ಷರವೂ ಹೋದೀತೆಂದು ಅದನ್ನು ಬಲ್ಲವರಿಗೆ ಬಿಟ್ಟೆವು.

ಇಂಥ ಶಾಸನಗಳ ಕೊನೆಗೆ ಸಾಮಾನ್ಯವಾಗಿ ಒಂದು ಎಚ್ಚರಿಕೆ ಇರುತ್ತದೆ: ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ. ನಮ್ಮೂರ ಕಲ್ಲಿನಲ್ಲಿ ಅದು ಇದೆಯೋ ಎಂದು ಹುಡುಕಿದೆವು. ಗುಡಿಯ ಕಟ್ಟೆ ಎತ್ತರಿಸುವಾಗ ಕೆಳಗಿನ ಸಾಲುಗಳು ಸಿಮೆಂಟಿನೊಳಗೆ ಹೋಗಿವೆ.