ಆಯ್ದಕ್ಕಿ ದಂಪತಿಗಳ ಕಾಯಕನಿಷ್ಠೆ: ನಿತ್ಯಜೀವನದಲ್ಲಿ ಉತ್ಸಾಹ ಕುಂದದಿರುವ ಬಗೆ

ಕೈಗೊಂಡ ಕಾರ್ಯದಲ್ಲಿ ಮೊದಲ ದಿನಗಳ ಉತ್ಸಾಹ ಬಹುಕಾಲ ನಿಲ್ಲುವುದಿಲ್ಲವೆಂಬುದು ನಮ್ಮೆಲ್ಲರ ಅನುಭವ. ಇಷ್ಟಲಿಂಗ ಪೂಜೆಯ ನಿಯಮವಿರಲಿ, ವಿದ್ಯಾರ್ಥಿಯ ಓದಿರಲಿ, ಹೊಲ-ಅಂಗಡಿಗಳ ದುಡಿಮೆಯಿರಲಿ, ಕೆಲವು ದಿನ ಕಳೆದರೆ ಮನಸ್ಸು ಹಿಂಜರಿಯುತ್ತದೆ. ಉತ್ಸಾಹ ಮರಳಿ ಬಂದ ಮೇಲೆ ಮುಂದುವರಿಸೋಣವೆಂದು ನಾವು ಕಾಯುತ್ತೇವೆ. ಈ ಕಾಯುವಿಕೆಗೆ ತಕ್ಕ ಉತ್ತರ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಬದುಕಿನಲ್ಲಿದೆ.

12ನೆಯ ಶತಮಾನದ ಈ ಶರಣ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದವರು. ಕಲ್ಯಾಣಕ್ಕೆ ಬಂದು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿಸಿಕೊಂಡರು. 'ಆಯ್ದಕ್ಕಿ' ಎಂಬ ಹೆಸರು ಬಂದುದು ಇದರಿಂದಲೇ. ಆ ಅಕ್ಕಿಯಿಂದಲೇ ಅವರ ಜೀವನ, ಅದರಿಂದಲೇ ದಾಸೋಹ. ಇಬ್ಬರೂ ವಚನಕಾರರು. 'ಶೂನ್ಯಸಂಪಾದನೆ' ಇವರ ಚರಿತ್ರೆಯನ್ನು ವಿವರವಾಗಿ ನಿರೂಪಿಸುತ್ತದೆ. ಅದರಲ್ಲಿ ಬರುವ ಎರಡು ಪ್ರಸಂಗಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ.

ಒಮ್ಮೆ ಮಾರಯ್ಯನವರು ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತರು. ಕಾಯಕದ ಮಹಿಮೆಯ ಕುರಿತು ಅಲ್ಲಿ ಮಾತು ನಡೆದಿತ್ತು. ಇತ್ತ ಕಾಯಕವೇ ನಿಂತಿತ್ತು. ಲಕ್ಕಮ್ಮನವರು ಬಂದು ಪತಿಯನ್ನು ಎಚ್ಚರಿಸಿದರು. ಸತ್ಸಂಗವನ್ನು ಅವರು ಹಳಿಯಲಿಲ್ಲ. ಸತ್ಸಂಗವು ದುಡಿಮೆಗೆ ಬದಲಿಯಾಗದೆಂದು ನೆನಪಿಸಿದರು. ಒಳ್ಳೆಯ ಪ್ರವಚನ ಕೇಳಿದಾಗ, ಒಳ್ಳೆಯ ಲೇಖನ ಓದಿದಾಗ ಏನನ್ನೋ ಸಾಧಿಸಿದಂತೆ ನಮಗೆ ಅನಿಸುವುದುಂಟು. ಆ ತೃಪ್ತಿಯೇ ಅಂದಿನ ಕೆಲಸವನ್ನು ನುಂಗಿಬಿಡಬಹುದು. ಈ ಮಾತು ಪ್ರಸ್ತುತ ಬರಹಕ್ಕೂ ಸಲ್ಲುತ್ತದೆ.

ಇನ್ನೊಮ್ಮೆ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಅಗತ್ಯಕ್ಕೆ ಮೀರಿದುದು ಆಸೆಯೆಂದು ತಿಳಿಹೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು. ಇಲ್ಲಿ ಅಪರಿಗ್ರಹದ ಬೋಧೆಯ ಜೊತೆಗೆ ದುಡಿಮೆಯ ಮಿತಿಯ ಬೋಧೆಯೂ ಇದೆಯೆಂದು ನಾವು ಭಾವಿಸುತ್ತೇವೆ. ಒಂದೇ ದಿನ ಹತ್ತು ದಿನಗಳ ಕೆಲಸವನ್ನು ಮೈಮೇಲೆಳೆದುಕೊಂಡವನು ಮರುದಿನ ಬಳಲುತ್ತಾನೆ, ಮೂರನೆಯ ದಿನ ಕೈಬಿಡುತ್ತಾನೆ. ನಾಳೆಯ ಅಕ್ಕಿಯನ್ನು ನಾಳೆಯೇ ಆಯಬೇಕು.

ಈ ಎರಡು ಪ್ರಸಂಗಗಳಿಂದ ನಿತ್ಯಜೀವನಕ್ಕೆ ಮೂರು ನಿಯಮಗಳನ್ನು ತೆಗೆದುಕೊಳ್ಳಬಹುದು. ಮೊದಲನೆಯದು, ಮನಸ್ಸು ಒಪ್ಪುವವರೆಗೆ ಕಾಯದೆ ನಿಗದಿತ ವೇಳೆಗೆ ಕೆಲಸವನ್ನು ಆರಂಭಿಸುವುದು. ಹುರುಪು ಬಹುಮಟ್ಟಿಗೆ ಕೆಲಸದ ಹಿಂದೆಯೇ ಬರುತ್ತದೆ. ಎರಡನೆಯದು, ಬೇಸರದ ದಿನದಲ್ಲಿಯೂ ಪೂರೈಸಬಲ್ಲಷ್ಟು ಅಳತೆಯನ್ನು ಗೊತ್ತುಮಾಡಿಕೊಳ್ಳುವುದು. ದಿನಕ್ಕೆ ಒಂದು ವಚನದ ಅಧ್ಯಯನ, ಹತ್ತು ನಿಮಿಷಗಳ ಲಿಂಗಧ್ಯಾನ ಚಿಕ್ಕದಾಗಿ ಕಂಡರೂ ತಪ್ಪದೆ ನಡೆದರೆ ವರ್ಷದಲ್ಲಿ ಅದು 365 ದಿನಗಳ ಸಾಧನೆ. ಮೂರನೆಯದು, ನಾವು ತಪ್ಪಿದಾಗ ಅಂಜದೆ ಹೇಳುವ ಒಬ್ಬರನ್ನು ಹತ್ತಿರ ಇರಿಸಿಕೊಳ್ಳುವುದು. ಅವರು ಪತಿ, ಪತ್ನಿ, ಮಗಳು, ಗೆಳೆಯ ಯಾರೂ ಆಗಿರಬಹುದು.

ಮೂರನೆಯದೇ ಎಲ್ಲಕ್ಕಿಂತ ಕಠಿಣ. ಲಕ್ಕಮ್ಮನವರ ದಿಟ್ಟತನವನ್ನು ನಾವು ವೇದಿಕೆಗಳ ಮೇಲೆ ಕೊಂಡಾಡುತ್ತೇವೆ; ನಮ್ಮ ಮನೆಯಲ್ಲಿ ಅಂಥದೇ ಮಾತು ಕೇಳಿಬಂದರೆ ಮುಖ ಸಿಂಡರಿಸುತ್ತೇವೆ. ಮಾರಯ್ಯನವರ ಹಿರಿಮೆಯಾದರೋ ಸತಿಯ ಮಾತು ಕೇಳಿ ಮರಳಿ ಕಾಯಕಕ್ಕೆ ಎದ್ದು ನಡೆದುದರಲ್ಲಿದೆ. ಕೆಲವು ದಿನ ನಿಯಮ ತಪ್ಪಿರಬಹುದು. ಅದಕ್ಕಾಗಿ ಕೊರಗುತ್ತ ಕೂರುವ ಬದಲು, ನೆನಪಾದ ಗಳಿಗೆಯಿಂದಲೇ ಕಾಯಕಕ್ಕೆ ಮರಳೋಣ.