ಕೋವಿ ಬಿಟ್ಟು ಕೆಸರಿಗೆ ಮಲಗಿದವರು

ಹೈದರಾಬಾದ್ ಬಳಿಯ ಪಟಾನ್‌ಚೆರುವಿಗೆ ಸಮುದ್ರ ಬಲು ದೂರ. ಆದರೂ ಕೆಸರಂಚಿನಲ್ಲಿ ಮೇಯುವ ಹಕ್ಕಿಗಳಿಗೆ ಅಲ್ಲಿ ಬರವಿಲ್ಲ. 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಆವರಣದ ಕೆರೆಗಳಿಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಇಳಿಯುತ್ತವೆ. ಅವನ್ನು ನೋಡಬಂದವರ ಹೆಗಲಲ್ಲಿ ಈಗ ಕ್ಯಾಮೆರಾ. 1931-32ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಹೊರಟಾಗ ಜೊತೆಗಿದ್ದದ್ದು ಕೋವಿ. ನಮ್ಮ ರಾಯಚೂರು, ಕಲಬುರಗಿ, ಬೀದರ್ ಕೂಡ ಆಗ ಅದೇ ಸಂಸ್ಥಾನದಲ್ಲಿದ್ದವು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಚೀಟಿ ಕಟ್ಟಿಡುವುದೇ ಅಂದಿನ ಶಾಸ್ತ್ರ.

ಕೊಲ್ಲದೆ ಹತ್ತಿರ ಹೋಗುವ ದಾರಿಯನ್ನು ಇಂಗ್ಲೆಂಡಿನ ಕಿಯರ್ಟನ್ ಸಹೋದರರು ಅದಕ್ಕೂ ಮೊದಲೇ ಹುಡುಕಿದ್ದರು. 1900ರ ಸುಮಾರಿಗೆ ಪೊಳ್ಳು ಎತ್ತೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಅವಿತು ಫೋಟೊ ತೆಗೆದರು. ಒಮ್ಮೆ ಸಹೋದರರಲ್ಲಿ ಒಬ್ಬರಾದ ರಿಚರ್ಡ್ ಒಳಗೇ ತಲೆಸುತ್ತಿ, ಎತ್ತಿನ ಸಮೇತ ಮಗುಚಿಕೊಂಡರಂತೆ!

ಬೆಂಗಳೂರಿನಲ್ಲಿ ಈ ವಿದ್ಯೆಗೆ ಗುರುಪರಂಪರೆಯೇ ಉಂಟು. ಒ.ಸಿ. ಎಡ್ವರ್ಡ್ಸ್ ಅವರ ಕೈಯಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್ (1932–2017) ಜಗತ್ತೇ ಗುರುತಿಸಿದ ವನ್ಯಜೀವಿ ಛಾಯಾಗ್ರಾಹಕರಾದರು. ರೋಲಿಗೆ ಮೂವತ್ತಾರೇ ಚಿತ್ರ ಸಿಗುತ್ತಿದ್ದ ಕಾಲವದು. ಕ್ಲಿಕ್ಕಿಗಿಂತ ಕಾಯುವುದೇ ಹೆಚ್ಚಿನ ಕೆಲಸ.

ಈ ತಾಳ್ಮೆಗೆ ನಿಜವಾದ ಪರೀಕ್ಷೆ ಕಾದಿರುವುದು ಕರಾವಳಿಯ ಅಳಿವೆಗಳಲ್ಲಿ. ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಇಳಿತದ ಹೊತ್ತಿಗೆ ಅಲ್ಲಿನ ಕೆಸರು ಬಯಲಲ್ಲಿ ಸಣ್ಣ ಸಣ್ಣ ಏಡಿಗಳು ಬಿಲದಿಂದ ಹೊರಬರುತ್ತವೆ. ಗಂಡಿನ ಒಂದು ಇಕ್ಕುಳ ಮೈಗೆ ಮೀರಿದಷ್ಟು ದೊಡ್ಡದು; ಅದನ್ನು ಬೀಸಿ ಬೀಸಿ ಹೆಣ್ಣನ್ನು ಕರೆಯುತ್ತದೆ. ಇನ್ನೊಂದು ಪುಟ್ಟ ಇಕ್ಕುಳದಿಂದ ಕೆಸರೆತ್ತಿ ಬಾಯಿಗಿಟ್ಟು, ತಿನ್ನಬೇಕಾದ್ದನ್ನು ತಿಂದು, ಉಳಿದದ್ದನ್ನು ಗುಂಡಗೆ ಉಂಡೆಮಾಡಿ ಉದುರಿಸುತ್ತದೆ. ಕಣ್ಣುಗಳಿರುವುದು ಉದ್ದನೆಯ ಕಡ್ಡಿಗಳ ತುದಿಯಲ್ಲಿ. ಕಣ್ಮಟ್ಟಕ್ಕಿಂತ ಮೇಲೆ ಅಲುಗಿದ್ದೆಲ್ಲ ಅದಕ್ಕೆ ಶತ್ರುವೇ. ನಿಂತ ಮನುಷ್ಯ ಒಂದು ಹೆಜ್ಜೆ ಇಟ್ಟರೆ ಸಾಕು, ಇಡೀ ಬಯಲು ಖಾಲಿ. ಹಾಗಾಗಿ ಲೆನ್ಸ್ ಎಷ್ಟೇ ದುಬಾರಿಯದಾದರೂ ಛಾಯಾಗ್ರಾಹಕ ಕೆಸರಲ್ಲಿ ಹೊಟ್ಟೆಯಡಿ ಮಾಡಿ ಮಲಗಲೇಬೇಕು, ಏಡಿಗಳು ಮತ್ತೆ ಹೊರಬರುವವರೆಗೆ ಅಲುಗದೆ ಇರಬೇಕು. ಕಿಯರ್ಟನ್ನರ ಎತ್ತಿನ ಹೊಟ್ಟೆಯೇ ವಾಸಿ ಎನಿಸಿದರೂ ಅಚ್ಚರಿಯಿಲ್ಲ.

ಬಯಲು ಯಾವಾಗ ತೆರೆಯುತ್ತದೆ ಎಂದು ಅಲ್ಲಿ ಬಳಚು ಎಂಬ ಚಿಪ್ಪು ಹೆಕ್ಕುವವರನ್ನೇ ಕೇಳಬೇಕು. ಅಮಾವಾಸ್ಯೆ, ಹುಣ್ಣಿಮೆಯ ಹಿಂದೆಮುಂದೆ ಇಳಿತ ಜೋರು. ಅಷ್ಟಮಿಯ ಸುಮಾರಿಗೆ ಸಪ್ಪೆ.